ದೋಣಿ ಹತ್ತಿಸದ ಪುಟ್ಟತಾಯಮ್ಮ

ಕಾವೇರಿಯ ದಡದಲ್ಲಿ ಒಂದು ಗುರುಕುಲವಿತ್ತು.

ಅಲ್ಲಿ ವೇದ ಹೇಳಿಕೊಡುತ್ತಿರಲಿಲ್ಲ, ವೀಣೆಯನ್ನೂ ಹೇಳಿಕೊಡುತ್ತಿರಲಿಲ್ಲ. ವಿಡಿಯೋ ಗೇಮ್ ಮಾಡುವುದನ್ನು ಹೇಳಿಕೊಡುತ್ತಿದ್ದರು. ನಗುವವರು ನಗಲಿ. ಮಡಕೆ ಮಾಡಲು ಗುರು ಬೇಕು, ಮದ್ದಳೆ ಬಾರಿಸಲು ಗುರು ಬೇಕು, ಇದಕ್ಕೆ ಮಾತ್ರ ಬೇಡವೇ?

ಗುರುಗಳ ಹೆಸರು ಅರ್ಕೇಶ್ವರ. ಒಂದು ಕಾಲದಲ್ಲಿ ದೇಶದೇಶಗಳ ಮಕ್ಕಳು ಅವರ ಆಟಗಳನ್ನು ಊಟ ಬಿಟ್ಟು ಆಡಿದ್ದರಂತೆ. ಈಗ ಹೊಳೆಯಲ್ಲಿ ಮೀಯುವುದು, ಅಡುಗೆಮನೆಗೆ ಕಾಳು ಬಿಡಿಸಿಕೊಡುವುದು, ಶಿಷ್ಯರ ಆಟ ನೋಡಿ "ಹ್ಞೂಂ" ಎನ್ನುವುದು, ಇಷ್ಟೇ ಅವರ ಕೆಲಸ.

ಗುರುಕುಲಕ್ಕೆ ಇದ್ದದ್ದು ಒಂದೇ ಕಟ್ಟಳೆ.

ಶಿಷ್ಯನೊಬ್ಬ ಆಟ ಮಾಡಿ ಮುಗಿಸಿದರೆ ಅದನ್ನು ಹೊಳೆಯ ಮೆಟ್ಟಿಲ ಮೇಲಿನ ಮಂಟಪಕ್ಕೆ ತರಬೇಕು. ಹೊಳೆಗೆ ಬಂದವರಲ್ಲಿ ಯಾರಾದರೊಬ್ಬರು ಕೂತು ಆಡುತ್ತಾರೆ. ಮಾಡಿದವನು ಅವರ ಬೆನ್ನ ಹಿಂದೆ ಕೈಕಟ್ಟಿ, ಬಾಯಿಮುಚ್ಚಿ ಕೂರಬೇಕು. ಆಡುವವರು ತಾವಾಗಿ ಕಂಟ್ರೋಲರ್ ಕೆಳಗಿಡುವವರೆಗೆ ಒಂದು ಮಾತಿಲ್ಲ, ಒಂದು ಸನ್ನೆಯಿಲ್ಲ. ಆಟವು ಅವರನ್ನು ಹಿಡಿದು ಕೂರಿಸಿದರೆ ಗುರುಗಳು ಅದರ ಹೆಸರಿನಲ್ಲಿ ತೆಂಗಿನಕಾಯಿ ಒಡೆಯುತ್ತಾರೆ. ಅಲ್ಲಿಗೆ ವಿದ್ಯೆ ಮುಗಿಯಿತು, ಶಿಷ್ಯ ಹೊರಡಬಹುದು.

ಕೇಳುವುದಕ್ಕೆ ಸುಲಭ. ತಾನು ಮಾಡಿದ ಆಟವನ್ನು ಇನ್ನೊಬ್ಬರು ಆಡುವಾಗ ಬಾಯಿ ಮುಚ್ಚಿಕೊಂಡು ನೋಡುವ ಹಿಂಸೆ ಏನೆಂದು ಕೂತವರಿಗೇ ಗೊತ್ತು. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ತಿನ್ನುವುದನ್ನು ನೋಡುತ್ತಾ ಕೂತ ಹಾಗೆ.

ಕಂಠಿ ಹಾಗೆ ಎಷ್ಟೋ ಸಲ ಕೂತಿದ್ದ.

ವಿಷಕಂಠ ಎನ್ನುವುದು ಅವನ ಪೂರ್ತಿ ಹೆಸರು. ಶಿಷ್ಯರಲ್ಲೆಲ್ಲ ಹಳಬ. ಅವನ ಹಿಂದೆ ಬಂದವರು ಒಬ್ಬೊಬ್ಬರಾಗಿ ತೆಂಗಿನಕಾಯಿ ಒಡೆಸಿಕೊಂಡು ಹೊರಟುಹೋಗಿದ್ದರು. ಇವನು ಪ್ರತಿಸಲ ಅವರ ಕಾಯಿಯ ಚೂರು ತಿಂದು, ಗೇಟಿನವರೆಗೆ ಹೋಗಿ ಕಳಿಸಿಕೊಟ್ಟು, ತಿರುಗಿ ಬರುತ್ತಿದ್ದ.

ಅವನ ಆಟದಲ್ಲಿ ಕಥೆಯಿತ್ತು. ಅದೂ ಎಂಥ ಕಥೆ! ಸುಟ್ಟು ಹಾಳಾದ ಒಂದು ರಾಜ್ಯ. ಅರಮನೆಯವರಲ್ಲಿ ಬದುಕಿ ಉಳಿದ ಒಂದೇ ಒಂದು ಹೆಣ್ಣುಮಗು. ಅದನ್ನು ಆಚೆ ದಡದ ಗುಡಿಗೆ ಮುಟ್ಟಿಸಲು ಹೊರಟ ಮುದಿ ಅಂಬಿಗ. ಆಡುವವರೇ ಆ ಅಂಬಿಗ. ನಡುಹೊಳೆಯಲ್ಲಿ ದೋಣಿ ಮುಳುಗಿ ಮಗು ಹೋಗಿಬಿಡುತ್ತದೆ. ಅಲ್ಲಿಂದ ಮುಂದೆ ಅಂಬಿಗನು ನೀರಿನ ತಳದ ಲೋಕಗಳನ್ನೆಲ್ಲ ದಾಟಿ ಮಗುವನ್ನು ಹುಡುಕಬೇಕು.

ದೋಣಿ ಮುಳುಗುವುದನ್ನು ಬರೆಯುವಾಗ ಕಂಠಿ ತಾನೇ ಅತ್ತಿದ್ದ.

ಆಡುವವರು ಮಾತ್ರ ಅಳುತ್ತಿರಲಿಲ್ಲ. ಪರದೆಯ ಮೇಲೆ ಯಾರಾದರೂ ಬಾಯಿ ತೆರೆದರೆ ಸಾಕು, ಟಕ್ಕೆಂದು ಗುಂಡಿ ಒತ್ತಿ ಮಾತು ಹಾರಿಸಿಬಿಡುತ್ತಿದ್ದರು. ಅರಮನೆಗೆ ಬೆಂಕಿ ಬಿತ್ತು, ಟಕ್. ರಾಣಿ ಸತ್ತಳು, ಟಕ್. ಒಬ್ಬನಂತೂ ದೋಣಿ ಮುಳುಗುತ್ತಿರುವಾಗ ಪಕ್ಕದವನ ಕೈಯಿಂದ ಮಾವಿನಕಾಯಿ ಹೋಳು ತೆಗೆದು ಬಾಯಿಗೆ ಹಾಕಿಕೊಂಡು, ಉಪ್ಪು ಸಾಲದು ಎಂದಿದ್ದ.

ಹಿಂದೆ ಕೈಕಟ್ಟಿ ಕೂತ ಕಂಠಿಗೆ ಕಿವಿಯ ತುದಿಯವರೆಗೂ ಉರಿಯುತ್ತಿತ್ತು.

"ಕಥೆ ಬೇಕಾದವರು ಪುಸ್ತಕ ಓದ್ತಾರೆ ಕಂಠಿ. ಆಡೋಕೆ ಬಂದವರಿಗೆ ಆಟ ಕೊಡು" ಎಂದಳು ಫರ್ಜಾನ.

ಫರ್ಜಾನಳೂ ಅಲ್ಲಿಯೇ ಕಲಿತವಳು. ಅವಳ ಆಟದಲ್ಲಿ ಒಂದು ಕಪ್ಪೆ ಕಲ್ಲಿನಿಂದ ಕಲ್ಲಿಗೆ ಹಾರುತ್ತಿತ್ತು, ಅಷ್ಟೇ. ಅದಕ್ಕೆ ತೆಂಗಿನಕಾಯಿ ಒಡೆದೂ ಆಗಿತ್ತು. ಇನ್ನೇನು ಹೊರಡುವವಳಿದ್ದಳು.

"ಕಪ್ಪೆ ಯಾಕೆ ಹಾರುತ್ತೆ ಅನ್ನೋದಕ್ಕೆ ಒಂದು ಕಾರಣವಾದರೂ ಬೇಡವಾ?" ಎಂದ ಕಂಠಿ.

"ಕಪ್ಪೆ ಹಾರದೆ ಇನ್ನೇನು ಭರತನಾಟ್ಯ ಮಾಡುತ್ತಾ?"

ಕಂಠಿ ಮುಖ ಊದಿಸಿಕೊಂಡು ಎದ್ದ. ಸೀದಾ ಗುರುಗಳ ಬಳಿಗೆ ಹೋದ. ಅವರು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಗುರುಗಳೇ, ಸಾಹಸದ ಆಟದಲ್ಲಿ ಕಥೆ ದೊಡ್ಡದೋ, ಆಟ ದೊಡ್ಡದೋ?"

"ಯಾವುದು ದೊಡ್ಡದಾದರೆ ನಿನಗೆ ಅನುಕೂಲ?"

ಕಂಠಿ ತಲೆ ತಗ್ಗಿಸಿದ.

"ಮಂಟಪದಲ್ಲಿ ಕೈಕಟ್ಟಿ ಕೂತು ನೋಡು. ಅಲ್ಲೇ ಗೊತ್ತಾಗುತ್ತೆ."

"ಕೂತೂ ಕೂತೂ ಸಾಕಾಗಿದೆ ಗುರುಗಳೇ."

"ಕೈ ಕಟ್ಟಿದ್ದೀಯ. ಇನ್ನೂ ಕೂತಿಲ್ಲ" ಎಂದು ಗುರುಗಳು ಇನ್ನೊಂದು ಕಾಯಿ ತೆಗೆದುಕೊಂಡರು.

ಇದೆಂಥ ಉತ್ತರವೆಂದು ಕಂಠಿಗೆ ಸಿಟ್ಟು ಬಂತು. ಸಿಟ್ಟು ಬಂದವನಿಗೆ ಉಪಾಯ ಬೇಗ ಹೊಳೆಯುತ್ತದೆ, ಒಳ್ಳೆಯ ಉಪಾಯವೇ ಹೊಳೆಯಬೇಕೆಂದೇನೂ ಇಲ್ಲ.

ಮಂಟಪದ ಪಕ್ಕದ ಮೆಟ್ಟಿಲ ಮೇಲೆ ಪುಟ್ಟತಾಯಮ್ಮ ಕಡಲೆಪುರಿ ಮಾರುತ್ತಿದ್ದಳು. ತಲೆ ಪೂರ್ತಿ ನರೆತ ಹೆಂಗಸು. ವ್ಯಾಪಾರವಿಲ್ಲದ ಹೊತ್ತಿನಲ್ಲಿ ಬಂದು ಆಟ ಆಡುವುದು ಆಕೆಗೆ ಖುಷಿ. ಕಂಟ್ರೋಲರ್‌ಗೆ ರಿಮೋಟು ಎನ್ನುತ್ತಿದ್ದಳು. ಫರ್ಜಾನಳ ಕಪ್ಪೆಯನ್ನು ಆಕೆಯಷ್ಟು ದೂರ ಹಾರಿಸಿದವರು ಇನ್ನೊಬ್ಬರಿರಲಿಲ್ಲ.

ಕಂಠಿ ಹೋಗಿ ಪಕ್ಕದಲ್ಲಿ ಕೂತ.

"ಅವ್ವಾ, ನಾಳೆ ನನ್ನ ಆಟ ಆಡ್ತೀರಾ?"

"ಆಡಾನ ಬುಡು. ಅದರಲ್ಲೇನದೆ?"

"ಮಾತು ಬಂದಾಗ ಗುಂಡಿ ಒತ್ತಿ ಹಾರಿಸಬೇಡಿ. ಪೂರ್ತಿ ಕೇಳಿಸಿಕೊಳ್ಳಿ."

"ಕೇಳುಸ್ಕತೀನಿ."

ಕಂಠಿ ಆಚೆ ಈಚೆ ನೋಡಿ ದನಿ ತಗ್ಗಿಸಿದ. "ಆಮೇಲೆ ಹೊಳೆ ದಾಟುವಾಗ ದೋಣಿ ಮುಳುಗುತ್ತೆ. ಮಗು ಹೋಗಿಬಿಡುತ್ತೆ. ಆಗ ಸ್ವಲ್ಪ ಅತ್ತರೆ ಚೆನ್ನಾಗಿರುತ್ತೆ."

ಪುಟ್ಟತಾಯಮ್ಮ ಪುರಿ ಅಳೆಯುವ ಪಾವನ್ನು ಕೆಳಗಿಟ್ಟಳು. "ಅಳ್ಬೇಕಾ?"

"ಜೋರಾಗಿ ಬೇಡ. ಸೆರಗಿನಲ್ಲಿ ಕಣ್ಣೊರೆಸಿಕೊಂಡರೆ ಸಾಕು."

"ಕೂಸು ಯಾರದು?"

"ಕಥೆಯದು ಅವ್ವಾ. ನಿಜವಾದದ್ದಲ್ಲ."

"ಎಷ್ಟು ವರ್ಸದ್ದು?"

"ಐದಾರು ಇರಬಹುದು."

ಆಕೆ ಒಂದು ಗಳಿಗೆ ಹೊಳೆಯ ಕಡೆ ನೋಡಿದಳು. "ಆಯ್ತು ಕಣಪ್ಪ. ನೀನೂ ಎಷ್ಟು ದಿನ ಅಂತ ಇಲ್ಲೇ ಕೂತಿದ್ದೀಯ" ಎಂದು ಅವನ ಬೊಗಸೆಗೆ ಒಂದಿಷ್ಟು ಪುರಿ ಸುರಿದಳು.

ಆ ಪುರಿ ಅವನ ಗಂಟಲಲ್ಲಿ ಇಳಿಯಲಿಲ್ಲ ಎಂದರೆ ಸುಳ್ಳಾದೀತು. ಚೆನ್ನಾಗಿಯೇ ಇಳಿಯಿತು. ನಾಚಿಕೆ ಇನ್ನೂ ಬಂದಿರಲಿಲ್ಲ.

ಮರುದಿನ ಬೆಳಗ್ಗೆ ಮಂಟಪದಲ್ಲಿ ಪರದೆ ಹೊತ್ತಿತು. ಗುರುಗಳು ಕಂಬಕ್ಕೆ ಒರಗಿ ಕೂತರು. ಪಕ್ಕದಲ್ಲಿ ತೆಂಗಿನಕಾಯಿ. ಫರ್ಜಾನ ಮತ್ತು ಉಳಿದ ಶಿಷ್ಯರು ಮೆಟ್ಟಿಲ ಮೇಲೆ. ಕಂಠಿ ಪುಟ್ಟತಾಯಮ್ಮನ ಹಿಂದೆ ಕೈಕಟ್ಟಿ ಕೂತ.

ಅರಮನೆಗೆ ಬೆಂಕಿ ಬಿತ್ತು. ಪುಟ್ಟತಾಯಮ್ಮ ಗುಂಡಿ ಒತ್ತಲಿಲ್ಲ. ರಾಜ ಮಾತಾಡಿದ, ಮಂತ್ರಿ ಮಾತಾಡಿದ, ರಾಜ ಮತ್ತೆ ಮಾತಾಡಿದ. ಆಕೆ "ಅಯ್ಯೋ ಶಿವನೇ" ಎನ್ನುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ತನ್ನ ಕಥೆಯನ್ನು ಒಬ್ಬರು ಪೂರ್ತಿ ಕೇಳುವುದನ್ನು ಕಂಠಿ ನೋಡಿದ್ದು ಅದೇ ಮೊದಲು. ಎದೆ ಹಿಗ್ಗಿತು. ಹೇಳಿಕೊಟ್ಟು ಕೇಳಿಸುತ್ತಿರುವುದೆಂಬುದನ್ನು ಮರೆತೇಬಿಟ್ಟ.

ರಾಣಿ ಸತ್ತಳು. ಮಗು ಅಂಬಿಗನ ಪಾಲಿಗೆ ಬಂತು.

ಒಂದು ಗುಂಡಿ ಒತ್ತಿದರೆ ಅಂಬಿಗ ಕೈಚಾಚುತ್ತಿದ್ದ, ಮಗು ಬಂದು ಹಿಡಿದುಕೊಳ್ಳುತ್ತಿತ್ತು. ಬಿಟ್ಟರೆ ಬಿಡುತ್ತಿತ್ತು. ಮಗುವನ್ನು ದೋಣಿಯವರೆಗೆ ತರಲು ಏನಾದರೊಂದು ಬೇಕಲ್ಲ ಎಂದು ಕಂಠಿ ಅದನ್ನು ಒಂದು ಮಧ್ಯಾಹ್ನ ಅವಸರದಲ್ಲಿ ಮಾಡಿ ಮುಗಿಸಿದ್ದ.

ಪುಟ್ಟತಾಯಮ್ಮ ಒತ್ತಿದಳು. ಮಗು ಕೈ ಹಿಡಿಯಿತು. ಬಿಟ್ಟಳು, ಮತ್ತೆ ಒತ್ತಿದಳು. ಮಗು ತಲೆಯೆತ್ತಿ ನೋಡಿ ಮತ್ತೆ ಹಿಡಿಯಿತು.

"ನೋಡ್ರಪ್ಪಾ, ಕೈ ಹಿಡ್ಕತದೆ!" ಎಂದು ಆಕೆ ನಕ್ಕಳು.

ಹೊಳೆಯ ದಂಡೆ ಬಂತು. ದೋಣಿ ಕಟ್ಟಿತ್ತು. ಕಂಠಿ ಉಸಿರು ಬಿಗಿಹಿಡಿದ.

ಪುಟ್ಟತಾಯಮ್ಮ ದೋಣಿಯ ಹತ್ತಿರ ಹೋದಳು. ನಿಂತಳು. ಮಗುವಿನ ಕೈಹಿಡಿದು ಹಿಂತಿರುಗಿದಳು.

"ಅಜ್ಜಾ, ದೋಣಿ ಹತ್ತೋಣ ಬಾ" ಎಂದಿತು ಪರದೆಯ ಮಗು.

"ಬ್ಯಾಡ ಕಣವ್ವ" ಎಂದಳು ಪುಟ್ಟತಾಯಮ್ಮ, ಪರದೆಗೆ.

ದಂಡೆಗುಂಟ ನಡೆಯತೊಡಗಿದಳು. ಮಗು ಜೊತೆಯಲ್ಲಿ ನಡೆಯಿತು. ಎದುರಿಗೆ ದಂಡೆ ಕಣ್ಣು ಹಾಯುವಷ್ಟು ದೂರ ಹಸಿರಾಗಿ ಹಬ್ಬಿತ್ತು. ಸ್ವಲ್ಪ ದೂರದಲ್ಲೇ ಅಂಬಿಗನ ಕಾಲು ನಡೆಯುತ್ತಿದ್ದ ಹಾಗೇ ಮೈ ನಿಂತುಹೋಯಿತು. ಅಲ್ಲಿಂದಾಚೆ ಕಂಠಿ ಬರೀ ಚಿತ್ರ ಬರೆದಿದ್ದ. ಕಾಣದ ಗೋಡೆಯೊಂದನ್ನು ಕಟ್ಟಿದ್ದ.

"ಯಾಕೆ ಮುಂದಕ್ಕೆ ಬುಡಕಿಲ್ಲ?" ಎಂದು ಗೊಣಗಿ ಆಕೆ ತಿರುಗಿ ಕೆಳಗಿನ ದಂಡೆಗೆ ನಡೆದಳು. ಅಲ್ಲಿಯೂ ಗೋಡೆ.

"ಅಜ್ಜಾ, ದೋಣಿ ಹತ್ತೋಣ ಬಾ."

ಮಗುವಿಗೆ ಬರುತ್ತಿದ್ದದ್ದು ಅದೊಂದೇ ಮಾತು. ರಾಜನಿಗೆ ಪುಟಗಟ್ಟಲೆ ಬರೆದಿದ್ದ ಕಂಠಿ ಮಗುವಿಗೆ ಬರೆದದ್ದು ಅಷ್ಟೇ.

ಆಕೆ ಮತ್ತೆ ಮೇಲಕ್ಕೆ ಹೋದಳು, ಮತ್ತೆ ಕೆಳಕ್ಕೆ ಬಂದಳು. ಪೊದೆಗಳನ್ನೆಲ್ಲ ಮುಟ್ಟಿ ನೋಡಿದಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಕಂಠಿಯ ಕಂಕುಳಲ್ಲಿ ಬೆವರು ಇಳಿಯುತ್ತಿತ್ತು.

ಕೊನೆಗೆ ಪುಟ್ಟತಾಯಮ್ಮ ಅವನ ಕಡೆಗೇ ತಿರುಗಿದಳು.

"ಕಂಠಪ್ಪಾ, ದೋಣಿ ಮುಳುಗೋಯ್ತದೆ ಅಂತ ನೀನೇ ಯೋಳಿದ್ಯಲ್ಲ. ಬ್ಯಾರೆ ದಾರಿನೇ ಮಡಗಿಲ್ವಾ?"

ಕಿಸಕ್ಕೆಂದಿದ್ದವರು ಬಾಯಿಗೆ ಕೈ ಅಡ್ಡ ಹಿಡಿದರು.

"ಅಳು ಅಂದೆ, ಅಳ್ತೀನಿ ಬುಡು, ಅದಕ್ಕೇನಂತೆ. ಆದ್ರೆ ಮುಳುಗೋ ದೋಣಿ ಅಂತ ಗೊತ್ತಿದ್ದೂ ಕೂಸ ಹತ್ತಿಸ್ಲಾ?"

ಆಕೆ ಮೋಸ ಬಯಲು ಮಾಡಬೇಕೆಂದು ಹೇಳಿದ್ದಲ್ಲ. ಪಾಪ, ನಿಜವಾಗಿ ದಾರಿ ಕೇಳುತ್ತಿದ್ದಳು.

ಫರ್ಜಾನ ಮುಖ ಬೇರೆ ಕಡೆ ತಿರುಗಿಸಿಕೊಂಡಳು. ಗುರುಗಳು ತಲೆಯೆತ್ತಲೂ ಇಲ್ಲ. ಕಂಠಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ಎಲ್ಲರ ಕಣ್ಣೂ ಬೆನ್ನಿಗೆ ಚುಚ್ಚಿದಂತಾಯಿತು. ಇದು ಒಮ್ಮೆ ಮುಗಿದರೆ ಸಾಕು, ಪರದೆ ಮುಂದಕ್ಕೆ ಹೋದರೆ ಸಾಕು ಎಂದುಕೊಂಡ. ನಾಚಿಕೆಯಾದವನು ಸುಮ್ಮನೆ ಕೂರಬೇಕು. ಅವನು ಕೂರಲಿಲ್ಲ.

ಪುಟ್ಟತಾಯಮ್ಮನ ಹೆಗಲ ಮೇಲಿಂದ ಕೈ ಚಾಚಿ, ಆಕೆಯ ಬೆರಳಿನ ಪಕ್ಕದಲ್ಲೇ ಇದ್ದ ಗುಂಡಿಯನ್ನು ಒತ್ತಿಬಿಟ್ಟ.

ಮಗು ದೋಣಿ ಹತ್ತಿತು.

ಅವನು ಆರಿಸಿ ಆರಿಸಿ ಹಾಕಿದ್ದ ಕೊಳಲು ಶುರುವಾಯಿತು. ದೋಣಿ ನಡುಹೊಳೆಗೆ ಹೋಯಿತು, ಓಲಿತು, ಮಗುಚಿತು. "ಅಜ್ಜಾ" ಎಂಬ ಕೂಗು ಒಮ್ಮೆ ಕೇಳಿ ನಿಂತಿತು. ಪರದೆಯ ತುಂಬ ನೀರು.

ಪುಟ್ಟತಾಯಮ್ಮ ಸೆರಗಿಗೆ ಕೈಹಾಕಲಿಲ್ಲ. ಹೇಳಿಕೊಟ್ಟದ್ದು ಅವಳಿಗೆ ನೆನಪಾಗಲೇ ಇಲ್ಲ. ಕಣ್ಣೀರು ತಾನಾಗಿ ಕೆನ್ನೆಯ ಮೇಲೆ ಹರಿಯುತ್ತಿತ್ತು.

"ನಾನು ಒತ್ತಲಿಲ್ಲ" ಎಂದಳು.

ತಿರುಗಿ ಕಂಠಿಯ ಮುಖ ನೋಡಿದಳು.

"ನಾನು ಒತ್ತಲಿಲ್ಲ ಕಣಪ್ಪ. ನೀನ್ಯಾಕೆ ಒತ್ತಿದೆ?"

ಕಂಟ್ರೋಲರ್ ಅನ್ನು ಮೆಲ್ಲಗೆ ನೆಲದ ಮೇಲಿಟ್ಟು, ಮೊಣಕಾಲು ಹಿಡಿದು ಎದ್ದು, ಪುರಿಯ ಕುಕ್ಕೆಯನ್ನು ತಲೆಯ ಮೇಲಿಟ್ಟುಕೊಂಡು ಆಕೆ ಹೊರಟುಹೋದಳು.

ಗುರುಗಳೂ ಎದ್ದರು. ತೆಂಗಿನಕಾಯಿಯನ್ನು ಕಂಕುಳಿಗೆ ಸೇರಿಸಿದರು.

"ಅತ್ತರಲ್ಲ ಕಂಠಿ. ನಿನಗೆ ಬೇಕಾದ ಜಾಗದಲ್ಲೇ ಅತ್ತರು" ಎಂದು ಮೆಟ್ಟಿಲು ಇಳಿದರು.

ಅವತ್ತು ಯಾರೂ ಕಂಠಿಯನ್ನು ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ವಾಸಿಯಿತ್ತು. ಎದುರಿಗೆ ಬಂದವರು ದಾರಿಬಿಟ್ಟು ಸರಿದು ಹೋಗುತ್ತಿದ್ದರು, ಸಾವಿನ ಮನೆಯವನನ್ನು ಕಂಡ ಹಾಗೆ. ಅವನು ತನ್ನ ಬಲಗೈಯ ಹೆಬ್ಬೆರಳನ್ನು ನೋಡಿಕೊಂಡ. ಚಿತ್ರದ ಮಗು, ಕಂಪ್ಯೂಟರಿನ ಲೆಕ್ಕಾಚಾರದ ನೀರು, ಎಲ್ಲ ತಾನೇ ಮಾಡಿದ್ದು ಎಂದು ಸಮಾಧಾನ ಹೇಳಿಕೊಂಡ. ಹೆಬ್ಬೆರಳು ಕೇಳಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಗುರುಗಳು ಬಂದು ಅವನ ಎಲೆಯ ಮುಂದೆ ಕೂತರು. ಅನ್ನಕ್ಕೆ ಸಾರು ಕಲಸಿ, ತುತ್ತು ಮಾಡಿ, ಅವನ ಬಾಯಿಗಿಟ್ಟರು.

ಗುರುಗಳಿಗೆ ತನ್ನ ಮೇಲೆ ಎಷ್ಟು ಕರುಣೆಯೆಂದು ಕಂಠಿಯ ಕಣ್ಣು ತುಂಬಿತು.

ಎರಡನೆಯ ತುತ್ತು ಇಟ್ಟರು. ಅದು ಇಳಿಯುವ ಮೊದಲೇ ಮತ್ತೊಂದು. ಅವನು ಎಲೆಗೆ ಕೈಹಾಕಲು ಹೋದರೆ ಮೊಣಕೈಯಿಂದ ತಳ್ಳಿ ಮತ್ತೊಂದು.

"ಗುರುಗಳೇ, ನಾನೇ ತಿಂತೀನಿ" ಎಂದ, ಬಾಯಿತುಂಬ ಅನ್ನ ಇಟ್ಟುಕೊಂಡು.

"ಯಾಕಪ್ಪಾ? ಅನ್ನ ಅದೇ, ಸಾರು ಅದೇ, ಹೊಟ್ಟೆಯೂ ನಿನ್ನದೇ."

"ರುಚಿ ಗೊತ್ತಾಗ್ತಾ ಇಲ್ಲ ಗುರುಗಳೇ."

ಗುರುಗಳು "ಹ್ಞೂಂ" ಎಂದು ಎದ್ದು ಕೈತೊಳೆಯಲು ಹೋದರು.

ಪುಟ್ಟತಾಯಮ್ಮ ಮರುದಿನ ಮಂಟಪದ ಪಕ್ಕಕ್ಕೆ ಬರಲಿಲ್ಲ. ದೂರದ ಇನ್ನೊಂದು ಸೋಪಾನದಲ್ಲಿ ಕುಕ್ಕೆ ಇಳಿಸಿದ್ದಳು. ಆಕೆ ಕೂರುತ್ತಿದ್ದ ಮೆಟ್ಟಿಲ ಮೇಲೆ ಚೆಲ್ಲಿದ್ದ ನಾಲ್ಕು ಪುರಿಯನ್ನು ಗುಬ್ಬಿಗಳು ಹೆಕ್ಕುತ್ತಿದ್ದವು. ಕಂಠಿ ಅದನ್ನು ನೋಡಲಾರದೆ ಗುರುಗಳ ಬಳಿಗೆ ಹೋದ.

"ಕಥೆಯನ್ನ ಕಿತ್ತು ಹಾಕ್ತೀನಿ ಗುರುಗಳೇ. ಫರ್ಜಾನ ಹೇಳಿದ್ದೇ ಸರಿ. ಅರಮನೆ ಬೇಡ, ರಾಣಿ ಬೇಡ, ಮಗು ಬೇಡ. ಸುಮ್ಮನೆ ದೋಣಿ ನಡೆಸಿ ಹೊಳೆ ದಾಟೋದು ಇರಲಿ."

"ಕಿತ್ತು ಹಾಕು."

"ಹಾಕಲಾ?"

"ಹಾಕು. ಪುಟ್ಟತಾಯಮ್ಮನವರು ಆ ದಂಡೆ ಮೇಲೆ ಯಾರಿಗೋಸ್ಕರ ಅಷ್ಟು ಓಡಾಡಿದರು, ಅದೊಂದು ಹೇಳಿ ಹೋಗು."

ಕಂಠಿ ಹೋಗಲಿಲ್ಲ.

"ನಾನು ಅವರಿಗೆ ಮೊದಲೇ ಹೇಳಿಕೊಟ್ಟಿದ್ದೆ. ಮೋಸ ಮಾಡಿದೆ ಗುರುಗಳೇ."

"ಅದು ಊರಿಗೇ ಗೊತ್ತಾಯ್ತಲ್ಲ."

"ನೀವು ಒಂದು ಮಾತೂ ಬೈಯಲಿಲ್ಲ."

"ಬೈದರೆ ನಿನಗೆ ಹಗುರ ಆಗುತ್ತೆ. ನಿನ್ನನ್ನ ಹಗುರ ಮಾಡೋದು ನನ್ನ ಕೈಲಿಲ್ಲ."

"ಯಾರ ಕೈಲಿದೆ?"

ಗುರುಗಳು ಗದ್ದ ಎತ್ತಿ ದೂರದ ಸೋಪಾನದ ಕಡೆ ತೋರಿಸಿದರು.

ಕಂಠಿ ಅತ್ತ ಹೊರಟ. ಅರ್ಧ ದಾರಿಯ ಅರಳಿಮರದವರೆಗೆ ಹೋಗಿ, ಮರದ ಮರೆಯಲ್ಲಿ ನಿಂತು, ತಿರುಗಿ ಬಂದ. ಇನ್ನೊಂದು ದಿನವೂ ಹಾಗೇ ಆಯಿತು. ಬರಿಗೈಯಲ್ಲಿ ಹೋಗಿ ಆ ಮುಖವನ್ನು ನೋಡುವ ಧೈರ್ಯ ಅವನಿಗಿರಲಿಲ್ಲ.

ಆಮೇಲೆ ಕೆಲಸಕ್ಕೆ ಕೂತ.

ಮೊದಲು ಗೋಡೆ ಒಡೆದ. ಅದರಾಚೆಗೆ ದಂಡೆಯನ್ನು ಬೆಳೆಸತೊಡಗಿದ. ಕಾಲಿಗೆ ಸಿಗುವ ಕಲ್ಲು, ನೆರಳಿಗೆ ಹೊಂಗೆಮರ, ದಾಟಿ ಹೋಗಬೇಕಾದ ಕಿರುಹಳ್ಳ. ಸುಸ್ತಾದ ಮಗು ಕೂರುವುದಕ್ಕೆ ಒಂದು ಬಂಡೆ. ದೋಣಿಯನ್ನು ತೆಗೆಯಲಿಲ್ಲ. ಅದು ಇದ್ದಲ್ಲೇ ಕಟ್ಟಿತ್ತು, ಹತ್ತಿದವರಿಗೆ ಮೊದಲಿನಂತೆ ಮುಳುಗುತ್ತಿತ್ತು.

ಮಗುವಿಗೆ ಮಾತು ಬರೆಯಲು ಕೂತ. ರಾಜರ ಬಾಯಲ್ಲಿ ಧರ್ಮ ಅಧರ್ಮ ಆಡಿಸಿದವನಿಗೆ ಐದು ವರ್ಷದ ಮಗು ದಾರಿಯಲ್ಲಿ ಏನು ಮಾತಾಡುತ್ತದೆಂದು ಗೊತ್ತಿರಲಿಲ್ಲ. ಹೊಳೆಗೆ ಬರುವ ತಾಯಂದಿರ ಹಿಂದೆ ಮುಂದೆ ಸುಳಿದಾಡುತ್ತಿದ್ದ ಮಕ್ಕಳ ಮಾತಿಗೆ ಕಿವಿಗೊಟ್ಟ. ಕಾಲು ನೋವು, ಎತ್ಕೋ. ಇನ್ನೂ ಎಷ್ಟು ದೂರ? ಈ ಹೊಳೆ ಮಲಗೋದೇ ಇಲ್ವಾ? ಬರೆದ ಪ್ರತಿ ಮಾತಿಗೂ ಅವನಿಗೆ ಆ ಕೊನೆಯ ಕೂಗು ನೆನಪಾಗುತ್ತಿತ್ತು. ಇಷ್ಟೆಲ್ಲ ಮಾತಾಡಬಹುದಾಗಿದ್ದ ಮಗುವನ್ನು ಒಂದೇ ಮಾತಿನಲ್ಲಿ ನೀರಿಗೆ ಹಾಕಿದ್ದೆನಲ್ಲ ಎಂದು ಹೇಸಿಗೆಯಾಗುತ್ತಿತ್ತು.

ಫರ್ಜಾನ ಹೊರಡುವ ದಿನ ಬಂತು. ಕಂಠಿ ಎಂದಿನಂತೆ ಗೇಟಿನವರೆಗೆ ಹೋದ.

"ನನ್ನ ಕಪ್ಪೆ ಕೊಡ್ತೀನಿ, ಇಟ್ಕೋ. ನಿನ್ನ ಹಳ್ಳದ ಹತ್ತಿರ ಬಿಡು, ಮಗು ಆಡ್ಕೊಳ್ಳಲಿ" ಎಂದಳು ಅವಳು.

"ಕಾರಣ ಇಲ್ಲದೆ ಹಾರೋ ಕಪ್ಪೆನಾ?"

"ಈಗ ಕಾರಣ ಇದೆಯಲ್ಲ" ಎಂದು ಫರ್ಜಾನ ಬ್ಯಾಗು ಹೆಗಲಿಗೇರಿಸಿದಳು.

ಕೊನೆಗೊಂದು ದಿನ ಕಂಠಿ ಅರಳಿಮರವನ್ನು ದಾಟಿದ.

ಪುಟ್ಟತಾಯಮ್ಮ ಗಿರಾಕಿಯೊಬ್ಬನಿಗೆ ಪುರಿ ಕಟ್ಟುತ್ತಿದ್ದಳು. ಇವನನ್ನು ನೋಡಿದಳು, ಪೊಟ್ಟಣಕ್ಕೆ ದಾರ ಸುತ್ತಿದಳು.

"ತಪ್ಪಾಯ್ತು ಅವ್ವಾ" ಎಂದ. ದನಿ ಅವನಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ.

"ನಂಗ್ಯಾಕಪ್ಪ ತಪ್ಪಾಯ್ತು ಅಂತೀಯೆ? ನಾನೇನು ಮುಳುಗಿದ್ನಾ?"

ಕಂಠಿಯ ಮುಖ ಕೆಳಗಾಯಿತು. ಮೆಟ್ಟಿಲ ಕಲ್ಲಿನ ಮೇಲೆ ಅವನ ಕಣ್ಣೀರು ಬಿದ್ದದ್ದನ್ನು ಗಿರಾಕಿ ಕೂಡ ನೋಡಿ, ಚಿಲ್ಲರೆ ಕೇಳದೆ ಹೊರಟುಹೋದ.

"ಆ ಮಗುವಿಗೆ ಹೇಳೋಕೆ ಆಗಲ್ಲ ಅವ್ವಾ. ಅದಕ್ಕೆ... ದಾರಿ ಮಾಡಿದ್ದೀನಿ."

"ಯಾವ ದಾರಿ?"

"ದಂಡೆ ಮೇಲೆ. ದೋಣಿ ಹತ್ತದೆ ಹೋಗೋ ದಾರಿ."

ಪುಟ್ಟತಾಯಮ್ಮ ಪಾವನ್ನು ಒರೆಸಿ ಕುಕ್ಕೆಯೊಳಗಿಟ್ಟಳು.

"ಈ ಸಲ ಎಲ್ಲಿ ಅಳ್ಬೇಕು?"

"ಎಲ್ಲೂ ಬೇಡ ಅವ್ವಾ."

"ನಗ್ಬೇಕಾ?"

"ಏನೂ ಬೇಡ. ನಾನು ಏನೂ ಹೇಳಲ್ಲ."

ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕುಕ್ಕೆ ಎತ್ತು" ಎಂದಳು.

ಮಂಟಪದಲ್ಲಿ ಮತ್ತೆ ಪರದೆ ಹೊತ್ತಿತು. ಗುರುಗಳು ಅದೇ ಕಂಬಕ್ಕೆ ಒರಗಿದರು. ಪಕ್ಕದಲ್ಲಿ ತೆಂಗಿನಕಾಯಿ. ಕಂಠಿ ಅದರ ಕಡೆ ನೋಡಲಿಲ್ಲ.

ಪುಟ್ಟತಾಯಮ್ಮ ಅರಮನೆಯ ಮಾತನ್ನೆಲ್ಲ ಮತ್ತೊಮ್ಮೆ ಕೇಳಿಸಿಕೊಂಡಳು. ಯಾರೂ ಕೇಳೆಂದಿರಲಿಲ್ಲ. ರಾಜನ ಉದ್ದದ ಮಾತು ಬಂದಾಗ ಮಾತ್ರ "ಇವನದೊಂದು" ಎಂದು ಗುಂಡಿ ಒತ್ತಿ ಹಾರಿಸಿದಳು. ಮಗು ಬಂತು, ಕೈ ಹಿಡಿಯಿತು.

"ಅಜ್ಜಾ, ದೋಣಿ ಹತ್ತೋಣ ಬಾ."

"ಬ್ಯಾಡ ಕಣವ್ವ, ನಡ್ಕಂಡೇ ಹೋಗಾನ."

ದಂಡೆಗುಂಟ ನಡೆದಳು. ಗೋಡೆಯಿದ್ದ ಜಾಗ ಬಂದಾಗ ನಿಂತಳು. ಒಂದು ಹೆಜ್ಜೆ ಇಟ್ಟು ನೋಡಿದಳು. ಅಂಬಿಗ ಮುಂದಕ್ಕೆ ಹೋದ. ಮಗುವೂ ಹೋಯಿತು.

ಪುಟ್ಟತಾಯಮ್ಮ ಹಿಡಿದಿದ್ದ ಉಸಿರು ಬಿಟ್ಟಳು.

ಹಳ್ಳದ ಹತ್ತಿರ ಕಪ್ಪೆ ಹಾರಿತು. ಅದರ ಹಿಂದೆ ಮಗು, ಮಗುವಿನ ಹಿಂದೆ ಅಂಬಿಗ, ಕಲ್ಲಿನಿಂದ ಕಲ್ಲಿಗೆ. ಕಾಲು ನೋವು ಎಂದಾಗ ಆಕೆ ಮಗುವನ್ನು ಎತ್ತಿಕೊಂಡಳು. ಇಳಿಸು ಎಂದಾಗ ಇಳಿಸಿದಳು. ಎಷ್ಟು ದೂರ ಎಂದಾಗ "ಇಲ್ಲೇಯ" ಎಂದಳು. ಪುರಿ ಕೇಳಿಕೊಂಡು ಬಂದವರಿಗೆ "ನೀವೇ ಪಾವ್ನಲ್ಲಿ ಅಳ್ಕಂಡು ತಗಂಡೋಗ್ರಪ್ಪ, ಕೂಸು ಅದೆ ನನ್ ಜೊತೆಲಿ" ಎಂದಳು.

ಕಂಠಿ ಆಕೆಯ ಬೆರಳುಗಳನ್ನೇ ನೋಡುತ್ತಿದ್ದ. ತನ್ನ ಮಾತು ಬಂತೇ, ಕೊಳಲು ಬಂತೇ ಎಂದು ಅವನು ಕಾಯುತ್ತಿರಲಿಲ್ಲ. ಕೈಕಟ್ಟಿದ್ದೇನೆ ಎಂಬುದೂ ಅವನಿಗೆ ನೆನಪಿರಲಿಲ್ಲ.

ಹೊಳೆಯ ತಿರುವೊಂದು ಹತ್ತಿರ ಬಂತು. ಪುಟ್ಟತಾಯಮ್ಮ ಬೆರಳು ನೀವಿಕೊಂಡಳು. ಹಿಂದಕ್ಕೆ ತಿರುಗಿ ಕಂಟ್ರೋಲರ್ ಅನ್ನು ಅವನ ಮುಂದೆ ಹಿಡಿದಳು.

"ತಗಾ ಕಂಠಪ್ಪ, ಬೆರಳು ಜೋಮು ಹಿಡೀತು. ವಸಿ ದೂರ ನೀನು ಕರ್ಕಂಡೋಗು. ಜ್ವಾಪಾನ."

ಕಂಠಿಯ ಕೈ ಬಿಚ್ಚಿಕೊಳ್ಳಲಿಲ್ಲ. ಒತ್ತಿದ್ದು ಇದೇ ಕೈ. ಅದು ಆಕೆಗೆ ಗೊತ್ತು. ಗೊತ್ತಿದ್ದೇ ಕೊಡುತ್ತಿದ್ದಳು. ಅವನಿಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನಿಸಿತು.

"ಗುರುಗಳೇ, ಮಾಡಿದವನು ಮುಟ್ಟಬಾರದು ಅಂತ ಕಟ್ಟಳೆ..."

"ಅವರಾಗಿ ಕೊಡ್ತಾ ಇದ್ದಾರಲ್ಲ."

ಕಂಠಿ ಎರಡೂ ಕೈಯಲ್ಲಿ ತೆಗೆದುಕೊಂಡ. ಪರದೆಯ ಮೇಲೆ ಮಗು ನಿಂತು ತಲೆಯೆತ್ತಿ ನೋಡುತ್ತಿತ್ತು.

"ಆ ತಿರುವಿನ ಆಚೆ ನಾನು ದಾರಿ ಮಾಡಿದ್ದೀನಿ, ಕಥೆ ಏನೂ ಬರೆದಿಲ್ಲ ಗುರುಗಳೇ. ಮುಂದೆ ಏನಾಗುತ್ತೆ ಅಂತ ನನಗೇ ಗೊತ್ತಿಲ್ಲ."

ಗುರುಗಳು ಪರದೆಯ ಕಡೆ ನೋಡಿದರು.

"ಅದು ಆ ಮಗುವಿಗೂ ಗೊತ್ತಿಲ್ಲ. ಆದರೂ ಕೈ ಚಾಚಿಕೊಂಡು ನಿಂತಿದೆ, ನೋಡು."